ಮಹಿಳಾ ಉದ್ಯಮಿಗೆ ಸರ್ಕಾರಿ ಆರ್ಡರ್: ಜೆಮ್, ಪಿಎಸ್‌ಯು, ಕೆಪಿಪಿಪಿ – ಯಾವ ಬಾಗಿಲು ಮೊದಲು ತಟ್ಟಬೇಕು?

ಸರ್ಕಾರಿ ಖರೀದಿಯಲ್ಲಿ ಮಹಿಳೆಯರಿಗೆ ಶೇ 3 ಮೀಸಲಿದೆ ಎಂದು ಕೇಳಿಯೇ ಬಹಳಷ್ಟು ಉದ್ಯಮಿಗಳು ಟೆಂಡರ್ ಕಡೆ ತಿರುಗುತ್ತಾರೆ. ಮಾತು ಅರ್ಧ ನಿಜ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗಾಗಿ (ಎಂಎಸ್‌ಇ) ಕೇಂದ್ರ ಸರ್ಕಾರದ ಖರೀದಿ ನೀತಿ ಬಂದದ್ದು 2012ರಲ್ಲಿ. 2018ರ ನವೆಂಬರ್‌ನಲ್ಲಿ ತಿದ್ದುಪಡಿಯಾಗಿ ಒಟ್ಟು ಗುರಿ ಶೇ 20ರಿಂದ 25ಕ್ಕೆ ಏರಿತು. ಅದರೊಳಗೇ ಮಹಿಳೆಯರ ಒಡೆತನದ ಘಟಕಗಳಿಗೆ ಶೇ 3 ಎಂದಾಯಿತು. ಆದರೆ ಇದು ಇಲಾಖೆ ವರ್ಷದ ಕೊನೆಗೆ ಒಪ್ಪಿಸಬೇಕಾದ ಲೆಕ್ಕ. ಬಸ್ಸಿನಲ್ಲಿ ಮಹಿಳೆಯರ ಸೀಟು ಇರುವ ಹಾಗೆ ಪ್ರತಿ ಟೆಂಡರಿನಲ್ಲೂ ಒಂದು ಜಾಗ ಖಾಲಿ ಇಟ್ಟಿರುವುದಿಲ್ಲ. ಮಹಿಳಾ ಘಟಕಗಳು ಬರದಿದ್ದರೆ ಆ ಪಾಲು ಬೇರೆ ಸಣ್ಣ ಘಟಕಗಳಿಗೆ ಸೇರುತ್ತದೆ.

ಟೆಂಡರ್ ದಿನ ನಿಮ್ಮ ಕೈಗೆ ನಿಜವಾಗಿ ಸಿಗುವುದು ಮೂರು: ಉಚಿತ ಟೆಂಡರ್ ದಾಖಲೆ, ಇಎಂಡಿ (ಬಿಡ್ ಜೊತೆ ಕಟ್ಟುವ ಠೇವಣಿ) ವಿನಾಯಿತಿ, ಬೆಲೆಯಲ್ಲಿ ಶೇ 15ರ ಆಸರೆ. ಮೂರೂ ಬರುವುದು ಘಟಕ 'ಸಣ್ಣದು' ಮತ್ತು 'ತಾನೇ ತಯಾರಿಸುತ್ತದೆ ಇಲ್ಲವೇ ಸೇವೆ ಕೊಡುತ್ತದೆ' ಎಂಬ ಕಾರಣಕ್ಕೆ. ಹಾಗಾಗಿ ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಜೆಮ್, ಕೇಂದ್ರದ ಉದ್ದಿಮೆಗಳು (ಪಿಎಸ್‌ಯು), ರಾಜ್ಯದ ಟೆಂಡರ್ ಪೋರ್ಟಲ್ ಕೆಪಿಪಿಪಿ, ಇವುಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವಾಗ ಮಹಿಳಾ ಕೋಟಾ ಎಲ್ಲಿದೆ ಎಂದು ಹುಡುಕುವುದಕ್ಕಿಂತ, ನೀವು ಏನು ತಯಾರಿಸುತ್ತೀರಿ ಮತ್ತು ಬಿಲ್ ಹಣಕ್ಕೆ ಎಷ್ಟು ದಿನ ಕಾಯಬಲ್ಲಿರಿ ಎಂದು ನೋಡಿಕೊಳ್ಳುವುದು ಲೇಸು.

ಮೊದಲು ಉದ್ಯಮ್ ಪ್ರಮಾಣಪತ್ರ ತೆಗೆದು ನೋಡಿ

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ಈ ನೋಂದಣಿ ಪತ್ರವೇ ಎಲ್ಲ ಬಾಗಿಲಿಗೂ ಬೀಗದ ಕೈ. ನೋಂದಣಿಗೆ ಶುಲ್ಕವಿಲ್ಲ, ಆಧಾರ್, ಪ್ಯಾನ್ ಮತ್ತು ಅನ್ವಯವಾಗುವವರಿಗೆ ಜಿಎಸ್‌ಟಿ ಸಂಖ್ಯೆ ಸಾಕು. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ: ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಒಳಗಿದ್ದರೆ ಅತಿ ಸಣ್ಣ. 25 ಕೋಟಿ ಮತ್ತು 100 ಕೋಟಿಯೊಳಗಿದ್ದರೆ ಸಣ್ಣ. ಮಧ್ಯಮ ವರ್ಗಕ್ಕೆ ದಾಟಿದರೆ ಮೂರು ವರ್ಷದ ಬಳಿಕ ಖರೀದಿ ನೀತಿಯ ಸೌಲಭ್ಯ ಇಲ್ಲ.

ಪ್ರಮಾಣಪತ್ರದಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಒಂದು, ಒಡೆತನ. ಏಕವ್ಯಕ್ತಿ ಸಂಸ್ಥೆಯಾದರೆ ಒಡತಿ ಮಹಿಳೆಯಾಗಿರಬೇಕು. ಪಾಲುದಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಆದರೆ ಮಹಿಳೆಯರ ಪಾಲು ಕನಿಷ್ಠ ಶೇ 51. ಗಂಡ-ಹೆಂಡತಿ 50–50 ಪಾಲು ಬರೆದುಕೊಂಡ ಸಂಸ್ಥೆ ಮಹಿಳಾ ಘಟಕವಲ್ಲ. ಒಂದೇ ಒಂದು ಪರ್ಸೆಂಟ್‌ಗಾಗಿ ಪಾಲುದಾರಿಕೆ ಪತ್ರ ತಿದ್ದಿಸಬೇಕಾಗುತ್ತದೆ. ಪತ್ರದಲ್ಲಿ 51 ಇದ್ದರೂ ಉದ್ಯಮ್ ಅರ್ಜಿಯನ್ನು ಗಂಡನ ಆಧಾರ್‌ನಿಂದ ತುಂಬಿದ್ದರೆ ಲಿಂಗದ ಕಾಲಂನಲ್ಲಿ ಪುರುಷ ಎಂದೇ ಬರುತ್ತದೆ, ಖರೀದಿ ಅಧಿಕಾರಿ ನೋಡುವುದು ಅದನ್ನೇ. ಹೆಸರಿಗೆ ಮಾತ್ರ ಹೆಂಡತಿಯನ್ನು ಒಡತಿ ಮಾಡಿ ಬ್ಯಾಂಕ್ ಸಹಿ, ಬಿಡ್ ಸಹಿ ಎಲ್ಲವನ್ನೂ ಗಂಡನೇ ಹಾಕುವ ಏರ್ಪಾಡು ಪರಿಶೀಲನೆಗೆ ಬಂದಾಗ ನಿಲ್ಲುವುದಿಲ್ಲ.

ಎರಡು, ಚಟುವಟಿಕೆ. ಮುಖ್ಯ ಚಟುವಟಿಕೆ 'ವ್ಯಾಪಾರ' ಎಂದಿದ್ದರೆ ಖರೀದಿ ನೀತಿಯ ಯಾವ ಸೌಲಭ್ಯವೂ ಸಿಗದು. 2021ರ ಜುಲೈನಲ್ಲಿ ಸಗಟು-ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿದ್ದು ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ನೀವು ಸಮವಸ್ತ್ರ ಹೊಲಿಯುವವರಾದರೆ ಹೊಲಿಗೆಯ ಎನ್‌ಐಸಿ ಸಂಕೇತವೇ (ಉದ್ದಿಮೆಯ ಬಗೆ ಹೇಳುವ ಸಂಖ್ಯೆ) ಅಲ್ಲಿರಬೇಕು. 'ಬಟ್ಟೆ ಚಿಲ್ಲರೆ ಮಾರಾಟ' ಎಂದಿದ್ದರೆ ಇಎಂಡಿ ವಿನಾಯಿತಿ ಕೇಳಿದ ಬಿಡ್ ತಾಂತ್ರಿಕ ಹಂತದಲ್ಲೇ ಬೀಳುತ್ತದೆ. ತಿದ್ದುಪಡಿಯನ್ನು ಅದೇ ಪೋರ್ಟಲ್‌ನಲ್ಲಿ ಮಾಡಬಹುದು. ಆದರೆ ಟೆಂಡರ್ ಮುಗಿಯುವ ಮುನ್ನಾ ದಿನ ಬೇಡ.

ಜೆಮ್: ಸುಲಭವಾಗಿ ಒಳಗೆ ಹೋಗಬಹುದು, ಒಳಗೆ ಜನಜಂಗುಳಿ

2016ರಲ್ಲಿ ಶುರುವಾದ ಸರ್ಕಾರಿ ಇ-ಮಾರುಕಟ್ಟೆ ಇದು. ಕೇಂದ್ರದ ಇಲಾಖೆಗಳು ಇಲ್ಲಿ ಸಿಗುವ ಸಾಮಾನನ್ನು ಇಲ್ಲೇ ಕೊಳ್ಳಬೇಕು. ಡಿಜಿಟಲ್ ಸಹಿಯ ಡಾಂಗಲ್ ಬೇಡ, ಆಧಾರ್ ಒಟಿಪಿಯಲ್ಲಿ ಕೆಲಸ ನಡೆಯುತ್ತದೆ. ಮೊದಲ ಸಲ ಬರುವವರಿಗೆ ಇದೇ ದೊಡ್ಡ ಅನುಕೂಲ.

ಖರೀದಿಗೆ ಮೂರು ಹಂತಗಳಿವೆ. 50,000 ರೂಪಾಯಿವರೆಗೆ ಅಧಿಕಾರಿ ಯಾರಿಂದಲಾದರೂ ನೇರವಾಗಿ ಕೊಳ್ಳಬಹುದು. ಅಲ್ಲಿಂದ 10 ಲಕ್ಷದವರೆಗೆ ಕನಿಷ್ಠ ಮೂವರು ತಯಾರಕರ ವಸ್ತುಗಳನ್ನು ಹೋಲಿಸಿ ಕಡಿಮೆ ದರದವರಿಂದ. ಅದಕ್ಕೂ ಮೇಲೆ ಬಿಡ್ ಇಲ್ಲವೇ ರಿವರ್ಸ್ ಆಕ್ಷನ್ (ದರ ಇಳಿಸುತ್ತ ಹೋಗುವ ಹರಾಜು) ಕಡ್ಡಾಯ. ಹೊಸ ಮಹಿಳಾ ಘಟಕಕ್ಕೆ ಹೊಂದುವುದು ಮೊದಲ ಎರಡು ಹಂತಗಳು. ಇಲ್ಲಿ ಹಳೆಯ ಅನುಭವ, ವಹಿವಾಟಿನ ಷರತ್ತು ಅಡ್ಡ ಬರುವುದಿಲ್ಲ. ಕ್ಯಾಟಲಾಗ್ ಸರಿ ಇರಬೇಕು, ದರ ಸರಿ ಇರಬೇಕು. ನಾಲ್ಕೈದು ಸಣ್ಣ ಆರ್ಡರ್ ಹೊತ್ತಿಗೆ ಮುಗಿಸಿದರೆ ಮುಂದಿನ ಬಿಡ್‌ಗಳಿಗೆ ತೋರಿಸಲು ಪೂರೈಕೆಯ ದಾಖಲೆಯೂ ಆಯಿತು.

2019ರ ಜನವರಿಯಲ್ಲಿ ಶುರುವಾದ 'ವುಮನಿಯಾ' ಮಹಿಳೆಯರ ಮತ್ತು ಸ್ವಸಹಾಯ ಗುಂಪುಗಳ ಕರಕುಶಲ, ಕೈಮಗ್ಗ, ಸೆಣಬು-ನಾರು, ಕಚೇರಿ ಅಲಂಕಾರದಂಥ ವಸ್ತುಗಳಿಗೆ ಜೆಮ್‌ನೊಳಗಿನ ಬೇರೆ ಕಪಾಟು. ಅದು ಅಧಿಕಾರಿಯ ಕಣ್ಣಿಗೆ ಬೀಳಿಸುತ್ತದೆ ಅಷ್ಟೆ, ಆರ್ಡರ್ ತಂದುಕೊಡುವುದಿಲ್ಲ.

ಕ್ಯಾಟಲಾಗ್ ತುಂಬುವಾಗ ಅವಸರ ಬೇಡ. ಪ್ರತಿ ವಸ್ತುವಿಗೂ 'ಗೋಲ್ಡನ್ ಪ್ಯಾರಾಮೀಟರ್' ಎಂಬ ಕಡ್ಡಾಯ ವಿವರಗಳಿವೆ: ಬಟ್ಟೆಯಾದರೆ ನೂಲಿನ ಬಗೆ, ತೂಕ, ಅಗಲ. ಅಧಿಕಾರಿ ಹುಡುಕುವುದು ಈ ವಿವರಗಳ ಫಿಲ್ಟರ್ ಮೂಲಕ. ಅವರು 200 ಗ್ರಾಂ ತೂಕದ ಬಟ್ಟೆ ಆರಿಸಿದಾಗ ನಿಮ್ಮದು 180 ಎಂದಿದ್ದರೆ ನೀವು ಪಟ್ಟಿಯಲ್ಲೇ ಇಲ್ಲ. ಸ್ಟಾಕ್ ಮುಗಿದದ್ದನ್ನು ಮರೆತು ಸೊನ್ನೆ ಬಿಟ್ಟರೂ ಅದೇ ಗತಿ. ಜೆಮ್‌ನಲ್ಲಿ ದರ ಎಂದರೆ ಜಿಎಸ್‌ಟಿ, ಸಾಗಣೆ, ಇಳಿಸುವ ಕೂಲಿ ಎಲ್ಲವೂ ಸೇರಿದ್ದು. ಬಿಡ್ ದಾಖಲೆಯ ಕೊನೆಯಲ್ಲಿ ಸಾಮಾನು ಎಲ್ಲಿಗೆ ತಲುಪಬೇಕು ಎಂಬ ಪಟ್ಟಿ ಇರುತ್ತದೆ. ಬೆಂಗಳೂರಿನ ಕಚೇರಿ ಕರೆದ ಬಿಡ್ ಎಂದುಕೊಂಡು ದರ ಹಾಕಿ, ಪಟ್ಟಿಯಲ್ಲಿ ಪೋರ್ಟ್ ಬ್ಲೇರ್ ಕಂಡು ತಲೆ ಮೇಲೆ ಕೈ ಹೊತ್ತವರಿದ್ದಾರೆ. ಜಿಎಸ್‌ಟಿ ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಸರಕು ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಬಿಡ್‌ಗೆ ಇಳಿಯುವಾಗ ಮೊದಲ ಪುಟದಲ್ಲಿ ಎರಡು ಸಾಲು ಓದಿ. 'ಅನುಭವ ಮತ್ತು ವಹಿವಾಟಿನಲ್ಲಿ ಎಂಎಸ್‌ಇಗೆ ವಿನಾಯಿತಿ' ಎಂಬಲ್ಲಿ 'ಇಲ್ಲ' ಎಂದಿದ್ದರೆ, ಕೇಳಿದಷ್ಟು ವರ್ಷದ ಅನುಭವವಿಲ್ಲದೆ ಮುಂದೆ ಹೋಗಿ ಪ್ರಯೋಜನವಿಲ್ಲ. ಈ ವಿನಾಯಿತಿ ಖರೀದಿದಾರರ ವಿವೇಚನೆಗೆ ಬಿಟ್ಟದ್ದು. 'ಎಂಎಸ್‌ಇ ಖರೀದಿ ಆದ್ಯತೆ' ಎಂಬ ಸಾಲು ಬೇರೆ. ಶೇ 15ರ ಆಸರೆ ಬರುವುದು ಇದರಿಂದ.

ಈ ಆಸರೆ ಕೆಲಸ ಮಾಡುವ ಬಗೆ ಹೀಗೆ. 10,000 ಚೀಲಗಳ ಬಿಡ್. ಒಂದು ದೊಡ್ಡ ಕಂಪನಿ ಚೀಲಕ್ಕೆ 100 ರೂಪಾಯಿ ಹಾಕಿ ಎಲ್1 (ಅತಿ ಕಡಿಮೆ ದರದ ಬಿಡ್) ಆಯಿತು. ನೀವು 113 ಹಾಕಿದ್ದೀರಿ, 115ರ ಒಳಗೆ ಇದ್ದೀರಿ. ನಿಮ್ಮನ್ನು ಕರೆದು '100ಕ್ಕೆ ಕೊಡುತ್ತೀರಾ?' ಎನ್ನುತ್ತಾರೆ. ಒಪ್ಪಿದರೆ ಸಾಮಾನ್ಯವಾಗಿ ಶೇ 25, ಅಂದರೆ 2,500 ಚೀಲ ನಿಮಗೆ. ಹಂಚಲಾಗದ ಸಾಮಾನಾದರೆ ಪೂರ್ತಿಯೂ ಸಿಗಬಹುದು. ಸಿಗುವ ದರ ಮಾತ್ರ 100, 113 ಅಲ್ಲ. ನಿಮ್ಮ ತಯಾರಿಕೆ ವೆಚ್ಚ 104 ಇದ್ದರೆ ಈ 'ಸೌಲಭ್ಯ'ದಿಂದ 10,000 ರೂಪಾಯಿ ನಷ್ಟ. ಇನ್ನೊಂದು ಮಾತು: ಎಲ್1 ಬಂದವರೇ ಸಣ್ಣ ಘಟಕವಾಗಿದ್ದರೆ ಈ ನಿಯಮ ಚಾಲನೆಗೇ ಬರುವುದಿಲ್ಲ. ಬಟ್ಟೆ, ಚೀಲ, ಪೀಠೋಪಕರಣದಂಥ ಸಾಮಾನಿನಲ್ಲಿ ಪೈಪೋಟಿಗೆ ಬರುವವರು ಬಹುತೇಕ ಸಣ್ಣ ಘಟಕಗಳೇ. ಅಲ್ಲಿ ಆಸರೆ ನೆಚ್ಚಿ ದರ ಏರಿಸುವುದು ಕೈ ಸುಟ್ಟುಕೊಳ್ಳುವ ಕೆಲಸ. ಇಡೀ ಖರೀದಿಯನ್ನು ಸಣ್ಣ ಘಟಕಗಳಿಗೇ ಬಿಟ್ಟಿರುವ 358 ವಸ್ತುಗಳ ಪಟ್ಟಿಯೂ ಇದೆ. ಛತ್ರಿ, ಪೊರಕೆ, ಬ್ಯಾಂಡೇಜ್ ಬಟ್ಟೆ, ಉಕ್ಕಿನ ಕುರ್ಚಿಯಂಥವು ಅದರಲ್ಲಿವೆ. ನಿಮ್ಮ ಸಾಮಾನು ಅದರಲ್ಲಿದ್ದರೆ ದೊಡ್ಡವರ ಕಾಟವಾದರೂ ತಪ್ಪುತ್ತದೆ.

ಜೆಮ್ ಶುಲ್ಕದ ಭಯ ಬೇಡ. 2024ರ ಆಗಸ್ಟ್‌ನಿಂದ 10 ಲಕ್ಷದವರೆಗಿನ ಆರ್ಡರ್‌ಗೆ ವಹಿವಾಟು ಶುಲ್ಕವಿಲ್ಲ. ಮೇಲೆ 10 ಕೋಟಿವರೆಗೆ ಶೇ 0.30.

ಸೇವೆಗಳಲ್ಲಿ ಮನುಷ್ಯಬಲ ಪೂರೈಕೆ, ಹೌಸ್‌ಕೀಪಿಂಗ್ ಬಿಡ್‌ಗಳು ಜೆಮ್‌ನಲ್ಲಿ ಬೇಕಾದಷ್ಟಿವೆ, ಸುಲಭವೆಂದೂ ಕಾಣುತ್ತವೆ. ಕನಿಷ್ಠ ವೇತನ ನಿಗದಿಯಾಗಿರುವುದರಿಂದ ಪೈಪೋಟಿ ಉಳಿಯುವುದು ಸೇವಾ ಶುಲ್ಕದಲ್ಲಿ ಮಾತ್ರ. ಎಲ್ಲರೂ ಕನಿಷ್ಠಕ್ಕೆ ಬಂದು ನಿಂತು ಗೆಲುವು ಲಾಟರಿಯಂತಾಗುತ್ತದೆ. ಗೆದ್ದರೂ ಪ್ರತಿ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಮೊದಲು ನಿಮ್ಮ ಕೈಯಿಂದ ಹೋಗಬೇಕು, ಬಿಲ್ ಆಮೇಲೆ. ಎರಡು-ಮೂರು ತಿಂಗಳ ಸಂಬಳದ ಹಣ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಕ್ಷೇಮ.

ಪಿಎಸ್‌ಯು: ಒಳಗೆ ಹೋಗಲು ತಡ, ಹೋದರೆ ನೆಲೆ

ಕರ್ನಾಟಕದವರಿಗೆ ಬೇರೆ ರಾಜ್ಯದವರಿಗಿಲ್ಲದ ಒಂದು ಅನುಕೂಲವಿದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಬೆಂಗಳೂರಿನಲ್ಲೇ ಇವೆ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರ. ಪೀಣ್ಯದಲ್ಲಿ ಸಿಎನ್‌ಸಿ ಯಂತ್ರ ಇಟ್ಟವರಿಗೆ, ಬೆಳಗಾವಿಯಲ್ಲಿ ಫೌಂಡ್ರಿ ನಡೆಸುವವರಿಗೆ ಜೆಮ್‌ಗಿಂತ ಇದೇ ಸೂಕ್ತ. ಖರೀದಿದಾರರ ಡ್ರಾಯಿಂಗ್ ನೋಡಿ ತಯಾರಿಸುವ ಬಿಡಿಭಾಗಕ್ಕೆ ಕ್ಯಾಟಲಾಗ್ ಇರುವುದಿಲ್ಲ.

ದಾರಿ ಎರಡು. ಒಂದು, ಕೇಂದ್ರದ ಇ-ಟೆಂಡರ್ ಪೋರ್ಟಲ್ ಅಥವಾ ಆಯಾ ಸಂಸ್ಥೆಯ ಪೋರ್ಟಲ್‌ನ ಮುಕ್ತ ಟೆಂಡರ್, ರೈಲ್ವೆಗೆ ಐಆರ್‌ಇಪಿಎಸ್. ಇದಕ್ಕೆ ಕ್ಲಾಸ್ 3 ಡಿಜಿಟಲ್ ಸಹಿ ಬೇಕು, ಸಹಿ ಮತ್ತು ಗೂಢಲಿಪಿ ಎರಡೂ ಸೇರಿದ್ದು. ಬರೀ ಸಹಿಯದ್ದನ್ನು ಕೊಂಡರೆ ದರದ ಲಕೋಟೆ ಸೇರಿಸುವ ಹೊತ್ತಿಗೆ ಸಿಕ್ಕಿಬೀಳುತ್ತೀರಿ. ಅದು ಅಧಿಕೃತ ಸಹಿದಾರರ ಹೆಸರಿನಲ್ಲೇ ಇರಬೇಕು, ಲೆಕ್ಕಿಗರ ಹೆಸರಲ್ಲಿ ಅಲ್ಲ.

ಇನ್ನೊಂದು, ವೆಂಡರ್ ನೋಂದಣಿ, ಅಂದರೆ ಸಂಸ್ಥೆಯ ಪೂರೈಕೆದಾರರ ಪಟ್ಟಿಗೆ ಸೇರುವುದು. ಯಂತ್ರಗಳ ಪಟ್ಟಿ, ಅಳತೆ ಸಾಧನಗಳ ಕ್ಯಾಲಿಬ್ರೇಷನ್ ದಾಖಲೆ, ಐಎಸ್‌ಒ 9001 (ವಿಮಾನದ ಭಾಗಗಳಿಗೆ ಎಎಸ್ 9100), ಹಿಂದಿನ ವರ್ಷಗಳ ಲೆಕ್ಕಪತ್ರ ಕೊಡಬೇಕು. ಕಾರ್ಖಾನೆ ನೋಡಲು ತಂಡ ಬರುತ್ತದೆ. ಮಾದರಿ ತುಂಡು ಪಾಸಾಗಬೇಕು. ತಿಂಗಳುಗಳೇ ಹಿಡಿಯುತ್ತವೆ. ಆದರೆ ನೋಂದಾಯಿತರಿಗಷ್ಟೇ ಕರೆಯುವ ಸೀಮಿತ ಟೆಂಡರ್‌ಗಳು ಬರತೊಡಗಿದರೆ ಜೆಮ್‌ನ ನೂಕುನುಗ್ಗಲು ಇಲ್ಲಿಲ್ಲ. ಕಚ್ಚಾ ಲೋಹವನ್ನು ಸಂಸ್ಥೆಯೇ ಕೊಡುವ ಆರ್ಡರ್‌ಗಳಲ್ಲಿ ಬಂಡವಾಳ ಕಡಿಮೆ ಸಾಕು. ಅದರ ಬದಲಿಗೆ ಬ್ಯಾಂಕ್ ಗ್ಯಾರಂಟಿ ಅಥವಾ ಹೊಣೆಪತ್ರ ಕೇಳುತ್ತಾರೆ, ತ್ಯಾಜ್ಯದ ತೂಕಕ್ಕೂ ಲೆಕ್ಕ ಒಪ್ಪಿಸಬೇಕು. ರಿಜೆಕ್ಟ್ ಆದ ತುಂಡಿನ ಲೋಹದ ಬೆಲೆ ನಿಮ್ಮ ಬಿಲ್‌ನಿಂದ ಹೋಗುತ್ತದೆ. ಟೈಟಾನಿಯಂ ಆದರೆ ಒಂದು ತುಂಡು ಹಾಳಾದರೂ ಇಡೀ ಬ್ಯಾಚಿನ ಲಾಭಕ್ಕೆ ಕುತ್ತು.

ಶೇ 3 ನಿಜವಾಗಿ ಉಪಯೋಗಕ್ಕೆ ಬರುವುದೂ ಈ ಬಾಗಿಲಲ್ಲೇ. ಕೇಂದ್ರದ 'ಸಂಬಂಧ್' ಪೋರ್ಟಲ್ ಪ್ರತಿ ಸಂಸ್ಥೆ ಸಣ್ಣ ಘಟಕಗಳಿಂದ, ಅದರಲ್ಲೂ ಮಹಿಳಾ ಘಟಕಗಳಿಂದ ಎಷ್ಟು ಕೊಂಡಿದೆ ಎಂದು ತೋರಿಸುತ್ತದೆ. ಯಾರು ಶೇ 3ಕ್ಕಿಂತ ಕೆಳಗಿದ್ದಾರೆ ಎಂದು ನೋಡಿ, ಆ ಸಂಸ್ಥೆಯ ವಾರ್ಷಿಕ ಖರೀದಿ ಯೋಜನೆಯಲ್ಲಿ ನಿಮ್ಮ ಸಾಮಾನು ಇದೆಯೇ ಎಂದು ಹುಡುಕಿ, ಅಲ್ಲಿನ ಎಂಎಸ್‌ಎಂಇ ನೋಡಲ್ ಅಧಿಕಾರಿಗೆ ಬರೆಯಿರಿ. ಗುರಿ ಮುಟ್ಟದ ಸಂಸ್ಥೆಗೆ ನಿಮ್ಮಂಥವರು ಬೇಕು. ಜನವರಿಯಲ್ಲಿ ಬರೆದ ಪತ್ರಕ್ಕೆ ಜೂನ್‌ನಲ್ಲಿ ಬರೆದದ್ದಕ್ಕಿಂತ ಬೇಗ ಉತ್ತರ ಬರುತ್ತದೆ, ವರ್ಷದ ಲೆಕ್ಕ ಮುಗಿಯುವುದು ಮಾರ್ಚ್‌ನಲ್ಲಿ. ಬೆಂಗಳೂರಿನ ರಾಜಾಜಿನಗರದಲ್ಲಿರುವ ಕೇಂದ್ರ ಎಂಎಸ್‌ಎಂಇ ಕಚೇರಿ ನಡೆಸುವ ವೆಂಡರ್ ಅಭಿವೃದ್ಧಿ ಸಭೆಗಳಿಗೂ ಇಂಥ ಅಧಿಕಾರಿಗಳು ಬರುತ್ತಾರೆ.

ಎನ್‌ಎಸ್‌ಐಸಿಯ (ಕೇಂದ್ರದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ) ಏಕಗವಾಕ್ಷಿ ನೋಂದಣಿ ಬೇಕೇ? ಖರೀದಿ ನೀತಿಯ ಸೌಲಭ್ಯಗಳಿಗೆ ಉದ್ಯಮ್ ಸಾಕು. ಎನ್‌ಎಸ್‌ಐಸಿ ನೋಂದಣಿಗೆ ಶುಲ್ಕವಿದೆ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರ್ಖಾನೆಯ ಸಾಮರ್ಥ್ಯವನ್ನು ಮೂರನೆಯವರು ಪರಿಶೀಲಿಸಿದ ಪತ್ರ ನಿಮ್ಮ ಖರೀದಿದಾರರು ಕೇಳುವವರಾದರೆ ಮಾಡಿಸಿ, ಇಲ್ಲದಿದ್ದರೆ ಬೇಡ.

ಕೆಪಿಪಿಪಿ: ಮನೆ ಬಾಗಿಲಿನ ಮಾರುಕಟ್ಟೆ, ನಿಯಮ ಬೇರೆ

ರಾಜ್ಯದ ಇಲಾಖೆ, ನಿಗಮ, ಪಾಲಿಕೆ, ಜಿಲ್ಲಾ ಪಂಚಾಯಿತಿಗಳ ಟೆಂಡರ್ ಬರುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ. ಇಲ್ಲಿ ನಡೆಯುವುದು 1999ರ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ಕಾಯ್ದೆ. ಕೇಂದ್ರದ 25, 3, 15 ಎಂಬ ಅಂಕಿಗಳು ರಾಜ್ಯವನ್ನು ಕಟ್ಟಿಹಾಕುವುದಿಲ್ಲ. ಕಾಯ್ದೆಯಲ್ಲಿ ಕಾಮಗಾರಿಗಳಿಗೆ ಪರಿಶಿಷ್ಟ ಜಾತಿ, ಪಂಗಡ ಮತ್ತು ಕೆಲವು ಹಿಂದುಳಿದ ವರ್ಗಗಳಿಗೆ ಮೀಸಲಾತಿ ಸೇರಿದೆ. ಆ ವರ್ಗಗಳಿಗೆ ಸೇರಿದ ಮಹಿಳೆಗೆ ಅದು ಅನ್ವಯ. ಮಹಿಳೆ ಎಂಬ ಕಾರಣಕ್ಕೆ ಬೇರೆ ಪಾಲಿಲ್ಲ. ಕೇಂದ್ರದ ನೀತಿಯನ್ನೇ ಉಲ್ಲೇಖಿಸಿ ಇಎಂಡಿ ಕಟ್ಟದೆ ಬಿಡ್ ಹಾಕಿ ತಿರಸ್ಕೃತರಾಗುವುದು ಇಲ್ಲಿ ಮಾಮೂಲಿ ತಪ್ಪು. ವಿನಾಯಿತಿ ಇದೆ ಎಂದು ಆ ಟೆಂಡರ್ ದಾಖಲೆಯಲ್ಲೇ ಬರೆದಿದ್ದರೆ ಮಾತ್ರ ಕಟ್ಟದೆ ಇರಿ.

ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ದಾಖಲೆ ಬೇರೆ, ದರ ಬೇರೆ. ತಾಂತ್ರಿಕ ಲಕೋಟೆಗೆ ಹಾಕಿದ ಹಳೆಯ ಕೊಟೇಷನ್‌ನಲ್ಲಿ ಅದೇ ಸಾಮಾನಿನ ದರ ಇಣುಕಿದರೂ ಬಿಡ್ ಹೋಯಿತು. ಕಾಮಗಾರಿಗಾದರೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಮೊದಲೇ ಆಗಿರಬೇಕು.

ಹಾಗಾದರೆ ಇದರ ಲಾಭವೇನು? ಹತ್ತಿರ. ಸಾಗಣೆ ವೆಚ್ಚ ಕಡಿಮೆ, ತಪಾಸಣೆಗೆ ಅಧಿಕಾರಿ ತಾಲ್ಲೂಕು ಕೇಂದ್ರದಿಂದಲೇ ಬರುತ್ತಾರೆ, ಸಾಮಾನಿನಲ್ಲಿ ತಕರಾರಿದ್ದರೆ ಅರ್ಧ ದಿನದಲ್ಲಿ ಬದಲಿಸಿ ಕೊಡಬಹುದು. ಕಷ್ಟ ಹಣದ್ದು. ರಾಜ್ಯ ಖಜಾನೆಯ ಆನ್‌ಲೈನ್ ಪಾವತಿ ವ್ಯವಸ್ಥೆಯಾದ ಖಜಾನೆ-2ರಲ್ಲಿ ಸ್ವೀಕೃತಿದಾರರ ಐಡಿ ಆರ್ಡರ್ ಬಂದ ದಿನವೇ ಮಾಡಿಸಿ. ಅನುದಾನ ಬಿಡುಗಡೆಯಾಗಿದೆಯೇ ಎಂದು ಬಿಡ್‌ಗೆ ಮೊದಲೇ ವಿಚಾರಿಸಿ. ಮಾರ್ಚ್ ಮೂರನೇ ವಾರದಲ್ಲಿ ಕೊಟ್ಟ ಬಿಲ್ ಮುಂದಿನ ವರ್ಷದ ಅನುದಾನಕ್ಕೆ ಕಾಯುತ್ತ ಕೂರುತ್ತದೆ.

ಸ್ವಸಹಾಯ ಗುಂಪುಗಳಿಗೆ ಟೆಂಡರ್ ಅಲ್ಲದ ದಾರಿಯೂ ಇದೆ. ಅಂಗನವಾಡಿಗೆ ಪೂರಕ ಆಹಾರ ತಯಾರಿಸುವ ತಾಲ್ಲೂಕು ಮಟ್ಟದ ಮಹಿಳಾ ಕೇಂದ್ರಗಳು, ಸಂಜೀವಿನಿ ಒಕ್ಕೂಟಗಳು ಗ್ರಾಮ ಪಂಚಾಯಿತಿಯೊಂದಿಗೆ ಒಪ್ಪಂದ ಮಾಡಿಕೊಂಡು ನಡೆಸುವ ಕಸ ವಿಲೇವಾರಿ ಕೆಲಸ ಇದಕ್ಕೆ ಉದಾಹರಣೆ. ಒಬ್ಬರ ಒಡೆತನದ ಉದ್ದಿಮೆಗೆ ಇದು ತೆರೆಯುವುದಿಲ್ಲ.

ಹಣದ ಲೆಕ್ಕ

ಇಎಂಡಿ ಇಲ್ಲ ಎಂದು ಖುಷಿಪಟ್ಟವರು ಮರೆಯುವುದು ಕಾರ್ಯನಿರ್ವಹಣಾ ಭದ್ರತೆಯನ್ನು, ಅಂದರೆ ಗೆದ್ದ ಮೇಲೆ ಖಾತರಿಗಾಗಿ ಇಡುವ ಮೊತ್ತವನ್ನು. ಅದಕ್ಕೆ ಸಣ್ಣ ಘಟಕಗಳಿಗೂ ವಿನಾಯಿತಿ ಇಲ್ಲ. ಸಾಮಾನ್ಯವಾಗಿ ಒಪ್ಪಂದದ ಶೇ 3ರಿಂದ 5. ಶೇ 18 ಜಿಎಸ್‌ಟಿ ಇರುವ ಸಾಮಾನಿನ 5.9 ಲಕ್ಷದ ಜೆಮ್ ಬಿಡ್ ಗೆದ್ದಿರಿ ಎನ್ನಿ: ಸರಕು 5 ಲಕ್ಷ, ಜಿಎಸ್‌ಟಿ 90,000. ಶೇ 5ರ ಭದ್ರತೆ ಕೇಳಿದ್ದರೆ 29,500 ರೂಪಾಯಿ ಬ್ಯಾಂಕ್ ಗ್ಯಾರಂಟಿಗೆ. ಹೊಸ ಗ್ರಾಹಕರಾದರೆ ಬ್ಯಾಂಕ್ ಅಷ್ಟಕ್ಕೂ ಠೇವಣಿ ಇಡಿಸಿಕೊಳ್ಳಬಹುದು. ಬಿಲ್ ಮಾಡಿದ ಮುಂದಿನ ತಿಂಗಳು ಜಿಎಸ್‌ಟಿ ಕಟ್ಟಲೇಬೇಕು, ಇಲಾಖೆ ಕೊಟ್ಟಿರಲಿ ಬಿಡಲಿ. ಕಚ್ಚಾ ಸಾಮಗ್ರಿಯ ತೆರಿಗೆ ಕಳೆದು ಉಳಿದದ್ದು ನಿಮ್ಮ ಕೈಯಿಂದ. 2.5 ಲಕ್ಷ ಮೀರಿದ ಒಪ್ಪಂದಕ್ಕೆ ಇಲಾಖೆ ಶೇ 2 ಜಿಎಸ್‌ಟಿ ಟಿಡಿಎಸ್ ಮುರಿಯುತ್ತದೆ, ಇಲ್ಲಿ 10,000. ಅದು ಎಲ್ಲೂ ಹೋಗುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವೇ ಒಪ್ಪಿಕೊಂಡರೆ ನಗದು ಖಾತೆಗೆ ಬರುತ್ತದೆ. ಒಪ್ಪಿಕೊಳ್ಳದೆ ಬಿಟ್ಟವರ ಹಣ ಅಲ್ಲೇ ಕೂತಿರುತ್ತದೆ. ಮೂರು ವಾರ ತಡವಾದರೆ ವಾರಕ್ಕೆ ಶೇ 0.5ರಂತೆ 8,850 ದಂಡ. ದಂಡದ ಗರಿಷ್ಠ ಮಿತಿ ಶೇ 10.

ಜೆಮ್‌ನ ನಿಯಮದಂತೆ ಸಾಮಾನು ತಲುಪಿದ 48 ಗಂಟೆಯಲ್ಲಿ ತಾತ್ಕಾಲಿಕ ಸ್ವೀಕೃತಿ, 10 ದಿನದಲ್ಲಿ 'ಸಿಆರ್‌ಎಸಿ' ಎಂಬ ಒಪ್ಪಿಗೆ ಪತ್ರ, ಅಲ್ಲಿಂದ 10 ದಿನದಲ್ಲಿ ಹಣ ಬರಬೇಕು. ಪೆಟ್ಟಿಗೆ ಗೋದಾಮಿನಲ್ಲೇ ಕೂತರೆ ಗಡಿಯಾರ ಶುರುವೇ ಆಗುವುದಿಲ್ಲ. ಹಾಗಾಗಿ ಚಲನ್ ಮೇಲೆ ದಿನಾಂಕ, ಸಹಿ, ಮೊಹರು ಇಲ್ಲದೆ ಲಾರಿ ವಾಪಸು ಬರಬಾರದು. ಪಿಎಸ್‌ಯುಗಳಲ್ಲಿ ಟಿಆರ್‌ಇಡಿಎಸ್ ಎಂಬ ಬಿಲ್ ಡಿಸ್ಕೌಂಟ್ ವೇದಿಕೆಯಿದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ಇರಲೇಬೇಕು. ಅವರು ಬಿಲ್ ಒಪ್ಪಿದ ಕೂಡಲೇ ಬ್ಯಾಂಕ್ ಬಡ್ಡಿ ಕಳೆದು ನಿಮಗೆ ಹಣ ಕೊಡುತ್ತದೆ, ನಿಮ್ಮಿಂದ ಅಡಮಾನ ಕೇಳುವುದಿಲ್ಲ.

ಕೇಂದ್ರ, ರಾಜ್ಯ ಎರಡಕ್ಕೂ ಅನ್ವಯವಾಗುವ ಅಸ್ತ್ರ 2006ರ ಎಂಎಸ್‌ಎಂಇ ಕಾಯ್ದೆ. ಬರಹದ ಒಪ್ಪಂದ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ದೂರು ಕೊಡಬಹುದು. ತೀರ್ಪನ್ನು ಪ್ರಶ್ನಿಸಲು ಖರೀದಿದಾರರು ಶೇ 75 ಠೇವಣಿ ಇಡಬೇಕು. ಉದ್ಯಮ್ ನೋಂದಣಿ ಆರ್ಡರ್‌ಗಿಂತ ಮೊದಲಿನದ್ದಾಗಿರಲಿ, ಆಮೇಲೆ ಮಾಡಿಸಿದರೆ ವಾದ ಸಡಿಲವಾಗುತ್ತದೆ. ಮುಂದೆಯೂ ಆರ್ಡರ್ ಬೇಕಾದ ಕಚೇರಿಯ ಮೇಲೆ ದೂರು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ, ನಿಜ. ಕಾಯ್ದೆಯ ಕಲಂ 15 ಮತ್ತು 16ನ್ನು ಇನ್‌ವಾಯ್ಸ್‌ನ ಅಡಿಯಲ್ಲಿ ಒಂದು ಸಾಲಾಗಿ ಅಚ್ಚು ಹಾಕಿಸುವುದಕ್ಕೆ ಯಾವ ಮನಸ್ತಾಪವೂ ಇಲ್ಲ. ಲೆಕ್ಕ ಶಾಖೆಯವರು ಅದನ್ನು ಓದುತ್ತಾರೆ.

ಯಾರಿಗೆ ಯಾವುದು

ಸಮವಸ್ತ್ರ, ಚೀಲ, ಸ್ಟೇಷನರಿ, ತಿನಿಸು ತಯಾರಿಸುವ ಹೊಸ ಘಟಕಕ್ಕೆ ಜೆಮ್, ಅದರಲ್ಲೂ 10 ಲಕ್ಷದೊಳಗಿನ ಖರೀದಿ. ದೊಡ್ಡ ಬಿಡ್‌ಗೆ ಒಂದು ವರ್ಷ ಕಾದರೂ ನಷ್ಟವಿಲ್ಲ. ಯಂತ್ರದ ಕೆಲಸ, ಎರಕ, ವೈರ್ ಹಾರ್ನೆಸ್, ಪಿಸಿಬಿ ಜೋಡಣೆಯವರು ಪಿಎಸ್‌ಯು ವೆಂಡರ್ ನೋಂದಣಿಗೆ ಇಂದೇ ಅರ್ಜಿ ಹಾಕಿ, ಅದು ಆಗುವವರೆಗೆ ಈಗಾಗಲೇ ನೋಂದಾಯಿತರಾದ ದೊಡ್ಡ ವೆಂಡರ್‌ಗೆ ಜಾಬ್‌ವರ್ಕ್ ಮಾಡಿ. ಮಾದರಿ ತುಂಡಿನ ಪರೀಕ್ಷೆಗೆ ಕೈ ಪಳಗುತ್ತದೆ. ಭಾರದ ಸಾಮಾನು, ಬೇಗ ಕೆಡುವ ಸಾಮಾನು ಜಿಲ್ಲೆಯ ಹೊರಗೆ ಕಳಿಸಿದರೆ ಲಾಭ ಉಳಿಯದು ಎನ್ನುವವರಿಗೆ ಕೆಪಿಪಿಪಿ, ಕೈಯಲ್ಲಿ ಆರು ತಿಂಗಳ ದುಡಿಯುವ ಬಂಡವಾಳ ಇದ್ದರೆ ಮಾತ್ರ. ಕೊಂಡು ಮಾರುವವರಿಗೆ ಮೂರೂ ಕಡೆ ಬಾಗಿಲು ತೆರೆದೇ ಇದೆ. ಆದರೆ ಇಎಂಡಿ ಪೂರ್ತಿ ಕಟ್ಟಿ, ದೊಡ್ಡವರ ಜೊತೆ ಸರಿಸಮ ನಿಂತು ದರ ಹಾಕಬೇಕು.